ಮುಖಕ್ಕೆ ಮಾಸ್ಕ್ ಕಟ್ಟಿ ಓಡಿಸುವ ಲ್ಯಾಬ್: ಟೆಸ್ಟ್‌ಗೆ ಒಳ್ಳೆ ಅಂಕ, ಡಯಟ್ ಚಾರ್ಟ್ ಫೇಲ್

ಮೊದಲೇ ಹೇಳಿಬಿಡುತ್ತೇನೆ. ಟೆಸ್ಟ್ ಚೆನ್ನಾಗಿದೆ, ಅನುಕೂಲ ಇದ್ದರೆ ಮಾಡಿಸಿ. ಅದರ ಜೊತೆ ಕೊಡುವ ಡಯಟ್ ಚಾರ್ಟನ್ನು ಮಾತ್ರ ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಡಿ. ಯಾಕೆ ಅಂತ ಹೇಳೋಕೆ ಸ್ವಲ್ಪ ಜಾಸ್ತಿ ಬರೆಯಬೇಕಾಗುತ್ತದೆ, ತಾಳ್ಮೆ ಇರಲಿ.

ನಾನು ಗಣಿತ ಪಾಠ ಮಾಡುವವನು. ಓಟ ನನ್ನ ಹುಚ್ಚು. ಮ್ಯಾರಥಾನ್ ಮುಗಿಸೋಕೆ ನಾಲ್ಕು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಗೆಲ್ಲುವ ಆಸೆ ಇಲ್ಲ, ಆದರೆ 32ನೇ ಕಿಲೋಮೀಟರ್ ಆದಮೇಲೆ ಕಾಲು ಯಾಕೆ ಮಾತು ಕೇಳುವುದಿಲ್ಲ ಎಂಬ ಪ್ರಶ್ನೆ ಇದೆ. ಅದಕ್ಕೆ ಈ 'ಮೆಟಬಾಲಿಕ್ ಪ್ರೊಫೈಲ್' ಪ್ಯಾಕೇಜ್ ತಗೊಂಡೆ. ಓಡುವಾಗ ದೇಹ ಸಕ್ಕರೆ ಎಷ್ಟು, ಕೊಬ್ಬು ಎಷ್ಟು ಉರಿಸುತ್ತದೆ ಅಂತ ಉಸಿರಿನಿಂದ ಅಳೆಯುವುದು ಇದರ ಕೆಲಸ. ಅದರಲ್ಲಿ ಟೆಸ್ಟ್, ರಿಪೋರ್ಟ್, ಡಯಟ್ ಚಾರ್ಟ್, ಮತ್ತೆ ಡಯಟಿಷಿಯನ್ ಜೊತೆ ಒಂದು ಫೋನ್ ಕರೆ ಸೇರಿವೆ. ಲ್ಯಾಬಿನ ಹೆಸರು ಹೇಳುವುದಿಲ್ಲ. ಜಗಳ ಮಾಡೋ ಉದ್ದೇಶ ನನಗಿಲ್ಲ. ಇಂಥ ಪ್ಯಾಕೇಜ್ ಎಲ್ಲೇ ತಗೊಂಡರೂ ಏನು ಕೇಳಬೇಕು ಅಂತ ನಿಮಗೆ ಗೊತ್ತಾದರೆ ಸಾಕು.

ಟೆಸ್ಟ್ ಹೀಗಿರುತ್ತದೆ. ಮೂಗು ಬಾಯಿ ಮುಚ್ಚುವ ರಬ್ಬರ್ ಮಾಸ್ಕ್ ಕಟ್ಟುತ್ತಾರೆ. ಎದೆಗೆ ಹೃದಯ ಬಡಿತದ ಪಟ್ಟಿ. ಟ್ರೆಡ್‌ಮಿಲ್ ಮೇಲೆ ನಿಧಾನವಾಗಿ ಶುರು ಮಾಡಿ, ಮೂರು ನಿಮಿಷಕ್ಕೊಮ್ಮೆ ವೇಗ ಏರಿಸುತ್ತಾರೆ. ನೀವು ಒಳಗೆ ಎಳೆದ ಆಮ್ಲಜನಕ ಎಷ್ಟು, ಹೊರಗೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಎಷ್ಟು ಅಂತ ಯಂತ್ರ ಅಳೆಯುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಇಡೀ ಆಟ. ಬರೀ ಸಕ್ಕರೆ ಉರಿಯುತ್ತಿದ್ದರೆ ಅದು 1.0. ಬರೀ ಕೊಬ್ಬು ಉರಿಯುತ್ತಿದ್ದರೆ ಸುಮಾರು 0.7. ಎರಡೂ ಅರ್ಧರ್ಧ ಆದರೆ 0.85ರ ಹತ್ತಿರ. ಪ್ರೋಟೀನ್ ಪಾಲು ಚಿಕ್ಕದು ಅಂತ ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ತುಂಬಾ ಜೋರಾಗಿ ಓಡುವಾಗ ಈ ಸಂಖ್ಯೆ 1 ದಾಟುತ್ತದೆ. ಆಗ ರಕ್ತದ ಬೈಕಾರ್ಬೊನೇಟ್‌ನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತಿರುತ್ತದೆ. ಹಾಗಾಗಿ ಕೊನೆಯ ಹಂತಗಳಲ್ಲಿ ಈ ಲೆಕ್ಕ ನಂಬುವ ಹಾಗಿಲ್ಲ.

ಟೆಸ್ಟ್ ಮಾಡಿದ ಹುಡುಗಿಗೆ ಪೂರ್ತಿ ಅಂಕ. ನಾನು ಹೋಗುವ ಮೊದಲೇ ಮೂರು ಲೀಟರ್‌ನ ದೊಡ್ಡ ಸಿರಿಂಜ್ ಎಳೆದು ತಳ್ಳಿ ಗಾಳಿಯ ಅಳತೆ ಸರಿ ಮಾಡಿಕೊಳ್ಳುತ್ತಿದ್ದಳು. ಆಮೇಲೆ ಅಂಶ ಗೊತ್ತಿರುವ ಅನಿಲದ ಸಿಲಿಂಡರ್ ಜೋಡಿಸಿ ಇನ್ನೊಂದು ಸಲ. ಮಾಸ್ಕ್ ಕಟ್ಟಿದಮೇಲೆ ರಂಧ್ರಕ್ಕೆ ಕೈ ಅಡ್ಡ ಹಿಡಿದು 'ಊದಿ' ಅಂದಳು. ಪಕ್ಕದಿಂದ ಗಾಳಿ ಸೋರುತ್ತಿದೆಯಾ ನೋಡೋಕೆ. ಮೂಗಿನ ಹತ್ತಿರ ಸೋರುತ್ತಿತ್ತು. ಬೇರೆ ಸೈಜ್ ತಂದಳು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಮಾಸ್ಕ್ ಸೋರಿದರೆ ಮುಂದಿನ ಗ್ರಾಂ ಲೆಕ್ಕವೆಲ್ಲ ಸುಮ್ನೆ. ನಿಮ್ಮ ಲ್ಯಾಬ್‌ನಲ್ಲಿ ಈ ಎರಡು ಕೆಲಸ ಮಾಡದೆ ನೇರ ಓಡಿಸಿದರೆ, ವಾಪಸ್ ಬಂದುಬಿಡಿ.

ಈಗ ರಿಪೋರ್ಟ್. ಬಣ್ಣಬಣ್ಣದ ಪುಟಗಳು. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ನನ್ನ ಸಂಖ್ಯೆ 0.90. ನಿಮಿಷಕ್ಕೆ 2.36 ಲೀಟರ್ ಆಮ್ಲಜನಕ. ಅಂದರೆ ಸುಮಾರು 11.6 ಕಿಲೋಕ್ಯಾಲರಿ, ಅದರಲ್ಲಿ ಮೂರರಲ್ಲಿ ಎರಡು ಪಾಲು ಕಾರ್ಬ್‌ನಿಂದ (ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ ಮತ್ತು ಪಿಷ್ಟ). ಗ್ರಾಂನಲ್ಲಿ ಹೇಳಿದರೆ ನಿಮಿಷಕ್ಕೆ 1.95 ಗ್ರಾಂ ಕಾರ್ಬ್, 0.42 ಗ್ರಾಂ ಕೊಬ್ಬು. ಇದನ್ನು ನಾನು ಕೈಯಲ್ಲೇ ಲೆಕ್ಕ ಹಾಕಿ ನೋಡಿದೆ, ಸರಿಯಾಗಿದೆ.

ಇಷ್ಟೇ ಸಾಕು ನನ್ನ ಪ್ರಶ್ನೆಗೆ ಉತ್ತರ ಹುಡುಕೋಕೆ. ಅದೇ ವೇಗದಲ್ಲಿ ಮ್ಯಾರಥಾನ್ ಮುಗಿಸೋಕೆ 253 ನಿಮಿಷ. 1.95ರಿಂದ ಗುಣಿಸಿ. 493 ಗ್ರಾಂ ಕಾರ್ಬ್ ಬೇಕು. ದೇಹದಲ್ಲಿ ಎಷ್ಟಿರುತ್ತದೆ? ಚೆನ್ನಾಗಿ ತಿಂದುಂಡವರ ಸ್ನಾಯುಗಳಲ್ಲಿ ಒಟ್ಟು 400ರಿಂದ 500 ಗ್ರಾಂ ಗ್ಲೈಕೊಜನ್ (ದೇಹ ಕೂಡಿಟ್ಟುಕೊಂಡ ಕಾರ್ಬ್), ಲಿವರ್‌ನಲ್ಲಿ ಸುಮಾರು 100 ಗ್ರಾಂ. ಪರವಾಗಿಲ್ಲ, ಸಾಕಾಗುತ್ತದೆ ಅಂತ ಅನಿಸುತ್ತದೆ ಅಲ್ವಾ? ಸಾಕಾಗುವುದಿಲ್ಲ. ಸ್ನಾಯುವಿಗೆ ತನ್ನ ಗ್ಲೈಕೊಜನ್ ಒಡೆದು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುವ ಶಕ್ತಿ ಇಲ್ಲ. ಅದಕ್ಕೆ ಬೇಕಾದ ಕಿಣ್ವ ಲಿವರ್‌ನಲ್ಲಿದೆ, ಸ್ನಾಯುವಿನಲ್ಲಿಲ್ಲ. ತೋಳು, ಭುಜಗಳಲ್ಲಿ ಕೂತಿರುವ ಗ್ಲೈಕೊಜನ್ ನೇರವಾಗಿ ತೊಡೆಗೆ ಸಿಗುವುದಿಲ್ಲ. ಇನ್ನೊಬ್ಬರ ಖಾತೆಯ ದುಡ್ಡಿನ ಹಾಗೆ, ಇದೆ ಅಂತ ಗೊತ್ತು, ತೆಗೆಯೋಕೆ ಆಗುವುದಿಲ್ಲ. 32ನೇ ಕಿಲೋಮೀಟರ್ ಆದಮೇಲೆ ಆಗುವ ಪಾಡಿಗೆ ಇದೇ ದೊಡ್ಡ ಕಾರಣ. ಓಡುವಾಗ ಹೊರಗಿನಿಂದ ತಗೊಳ್ಳಲೇಬೇಕು.

ಇಷ್ಟರ ಮಟ್ಟಿಗೆ ಪ್ಯಾಕೇಜ್ ಸಾರ್ಥಕ. ತೊಂದರೆ ಶುರುವಾಗುವುದು ರಿಪೋರ್ಟಿನ ಮೊದಲ ಪುಟದಲ್ಲೇ. ಅಲ್ಲಿ ದಪ್ಪಕ್ಷರದಲ್ಲಿ ಒಂದು ತೀರ್ಪು: 'ನಿಮ್ಮ ದೇಹ ಕೊಬ್ಬು ಉರಿಸುವುದರಲ್ಲಿ ಹಿಂದಿದೆ.' ಪಕ್ಕದಲ್ಲಿ ಕೆಂಪು ಮುಳ್ಳಿನ ಮೀಟರ್ ಚಿತ್ರ.

ಈ ತೀರ್ಪು ಕೊಡುವ ಮೊದಲು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: 'ಮೂರು ಗಂಟೆಯಿಂದ ಏನೂ ತಿಂದಿಲ್ಲ ತಾನೆ?' ಅದಕ್ಕೂ ಹಿಂದಿನ ದಿನಗಳಲ್ಲಿ ಏನು ತಿಂದೆ ಅಂತ ಯಾರೂ ಕೇಳಲಿಲ್ಲ. ನಾನು ಕಾರ್ಬ್ ಚೆನ್ನಾಗಿ ತಿನ್ನುವವನು. ಹಿಂದಿನ ದಿನ ಓಡಿರಲೂ ಇಲ್ಲ. ಸ್ನಾಯು ಗ್ಲೈಕೊಜನ್‌ನಿಂದ ತುಂಬಿತ್ತು. ತುಂಬಿದ ಸ್ನಾಯು ಗ್ಲೈಕೊಜನ್ ಉರಿಸುತ್ತದೆ, ಅದರಲ್ಲಿ ಆಶ್ಚರ್ಯ ಏನಿದೆ? ಸ್ನಾಯು ಏನು ಉರಿಸುತ್ತದೆ ಅನ್ನುವುದು ತರಬೇತಿ, ವೇಗದ ಜೊತೆಗೆ ಇತ್ತೀಚಿನ ಊಟದ ಮೇಲೂ ನಿಂತಿದೆ. ರಕ್ತದಲ್ಲಿ ಇನ್ಸುಲಿನ್ ಏರಿದ್ದರೆ ಕೊಬ್ಬಿನ ಕೋಶಗಳು ಕೊಬ್ಬನ್ನು ಬಿಟ್ಟುಕೊಡುವುದು ಕಡಿಮೆ. ಸ್ನಾಯುವಿನೊಳಗೆ ಸಕ್ಕರೆ ಜೋರಾಗಿ ಉರಿಯುತ್ತಿದ್ದರೆ ಕೊಬ್ಬು ಮೈಟೊಕಾಂಡ್ರಿಯಾದ (ಜೀವಕೋಶದೊಳಗೆ ಇಂಧನ ಉರಿಯುವ ಒಲೆಯ) ಒಳಗೆ ಹೋಗುವ ದಾರಿಯೇ ಕಿರಿದಾಗುತ್ತದೆ.

ಡಯಟಿಷಿಯನ್‌ಗೆ ಫೋನಿನಲ್ಲಿ ಇದನ್ನೇ ಹೇಳಿದೆ. 'ಇದು ನಿಮ್ಮ ಮೂಲ ಪ್ರೊಫೈಲ್ ಸರ್' ಅಂದರು. ಮೂಲ ಅಂತೆ! ಸರಿ, ಹಾಗಾದರೆ ಇನ್ನೊಂದು ಸಲ ಅಳೆಯೋಣ ಅಂದುಕೊಂಡೆ. ಕೆಲವು ದಿನ ಅವರದೇ ಚಾರ್ಟ್ ಪ್ರಕಾರ ಕಾರ್ಬ್ ತೀರಾ ಕಡಿಮೆ ಮಾಡಿದೆ. ಮೊಟ್ಟೆ, ಬೀಜಗಳು, ಸೊಪ್ಪು, ಎಣ್ಣೆ. ಆಮೇಲೆ ಅದೇ ಲ್ಯಾಬ್, ಅದೇ ಟ್ರೆಡ್‌ಮಿಲ್, ಅದೇ ಶೂ, ಬೆಳಗಿನ ಅದೇ ಹೊತ್ತು.

ಅದೇ 10 ಕಿಲೋಮೀಟರ್ ವೇಗದಲ್ಲಿ ಸಂಖ್ಯೆ 0.90ರಿಂದ 0.83ಕ್ಕೆ ಇಳಿಯಿತು. ಕೊಬ್ಬು 0.42ರಿಂದ 0.74 ಗ್ರಾಂಗೆ ಏರಿತು. ಕಾರ್ಬ್ 1.95ರಿಂದ 1.3ಕ್ಕೆ ಬಿತ್ತು. ಕೆಂಪು ಮುಳ್ಳು ಹಸಿರಿಗೆ ಹಾರಿತು. 'ಅದ್ಭುತ ಸುಧಾರಣೆ' ಅಂತ ರಿಪೋರ್ಟ್.

ಸುಧಾರಣೆ ಏನಾಗಿತ್ತು ಅಂತೀರಾ? ಆಮ್ಲಜನಕದ ಸಾಲು ನೋಡಿ. 2.36 ಲೀಟರ್ ಇದ್ದದ್ದು 2.45 ಆಗಿದೆ. ಹೃದಯ ಬಡಿತವೂ ಏರಿದೆ. ಅದೇ ವೇಗಕ್ಕೆ ನಾನು ಜಾಸ್ತಿ ಉಸಿರು ಖರ್ಚು ಮಾಡುತ್ತಿದ್ದೆ. ಓಡಿದವನಿಗೆ ರಿಪೋರ್ಟ್ ಬೇಕಾಗಿರಲಿಲ್ಲ, ಏರು ವೇಗದ ಹಂತಗಳಲ್ಲಿ ಕಾಲು ಸೀಸದ ಹಾಗಾಗಿತ್ತು. ಮೊದಲ ಸಲ ತಲುಪಿದ ಕೊನೆಯ ವೇಗವನ್ನು ಎರಡನೇ ಸಲ ತಲುಪೋಕೆ ಆಗಲಿಲ್ಲ.

ಇದರ ಹಿಂದೆ ಸರಳ ರಸಾಯನ ಇದೆ. ಒಂದು ಲೀಟರ್ ಆಮ್ಲಜನಕದಿಂದ ಸಕ್ಕರೆ ಉರಿಸಿದರೆ ಸುಮಾರು 5.05 ಕಿಲೋಕ್ಯಾಲರಿ ಸಿಗುತ್ತದೆ. ಕೊಬ್ಬು ಉರಿಸಿದರೆ 4.69. ಎರಡಕ್ಕೂ ಏಳು ಶೇಕಡಾದಷ್ಟು ವ್ಯತ್ಯಾಸ. ನಿಧಾನ ಓಟದಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ, ಆಮ್ಲಜನಕ ಬೇಕಾದಷ್ಟಿರುತ್ತದೆ. ರೇಸ್ ವೇಗದಲ್ಲಿ ಮಿತಿ ಇರುವುದೇ ಆಮ್ಲಜನಕಕ್ಕೆ. ಅಲ್ಲಿ ಕೊಬ್ಬು ದುಬಾರಿ ಇಂಧನ.

2017ರಲ್ಲಿ ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ತಂಡ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ವಿಶ್ವಮಟ್ಟದ ರೇಸ್ ವಾಕರ್‌ಗಳು (ವೇಗದ ನಡಿಗೆಯ ಸ್ಪರ್ಧಿಗಳು), ಮೂರು ವಾರದ ಕಠಿಣ ತರಬೇತಿ. ಕಾರ್ಬ್ ಕಡಿಮೆ, ಕೊಬ್ಬು ಜಾಸ್ತಿ ತಿಂದ ಗುಂಪು ಕೊಬ್ಬು ಉರಿಸುವುದರಲ್ಲಿ ಎಲ್ಲರನ್ನೂ ಮೀರಿಸಿತು. ಅವರ ಆಮ್ಲಜನಕ ಖರ್ಚೂ ಏರಿತು. 10 ಕಿಲೋಮೀಟರ್ ರೇಸಿನಲ್ಲಿ ಕಾರ್ಬ್ ತಿಂದವರು ಸುಮಾರು 6.6 ಶೇಕಡಾ ಸುಧಾರಿಸಿದರು. ಕೊಬ್ಬಿನ ಗುಂಪು ಸುಧಾರಿಸಲೇ ಇಲ್ಲ. ಕೊಬ್ಬಿನ ಊಟಕ್ಕೆ ಹೊಂದಿಕೊಂಡ ಸ್ನಾಯುವಿನಲ್ಲಿ ಸಕ್ಕರೆಯನ್ನು ಉರಿಯುವ ದಾರಿಗೆ ಹಾಕುವ ಪೈರುವೇಟ್ ಡಿಹೈಡ್ರಾಜಿನೇಸ್ ಎಂಬ ಕಿಣ್ವವೂ ಮಂಕಾಗುತ್ತದೆ. ಅಂದರೆ ಗ್ಲೈಕೊಜನ್ ಉಳಿಯುತ್ತದೆ ನಿಜ, ಆದರೆ ಬೇಕಾದಾಗ ಬೇಗ ಉರಿಸೋಕೆ ಆಗುವುದಿಲ್ಲ. ರೇಸ್ ಹಿಂದಿನ ದಿನ ಕಾರ್ಬ್ ತುಂಬಿಕೊಂಡರೂ ಈ ಮಂಕು ಪೂರ್ತಿ ಹೋಗುವುದಿಲ್ಲ.

ನ್ಯಾಯವಾಗಿ ಇನ್ನೊಂದು ಕಡೆಯನ್ನೂ ಹೇಳಬೇಕು. 1983ರಲ್ಲಿ ಸ್ಟೀಫನ್ ಫಿನ್ನಿ ಮತ್ತು ಜೊತೆಯವರು ಐದು ಜನ ಸೈಕಲ್ ಸವಾರರಿಗೆ ನಾಲ್ಕು ವಾರ ಕಾರ್ಬ್ ಬಹುತೇಕ ನಿಲ್ಲಿಸಿದರು. ಅವರು ಸುಸ್ತಾಗುವವರೆಗೆ ತುಳಿದ ಸಮಯ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು: ಮೊದಲು ಸರಾಸರಿ 147 ನಿಮಿಷ, ಆಮೇಲೆ 151. ಕಾರ್ಬ್ ಬಿಟ್ಟವರು ಹಿಡಿದುಕೊಳ್ಳುವ ಪ್ರಯೋಗ ಇದೇ. ಆದರೆ ಅವರು ತುಳಿದದ್ದು ತಮ್ಮ ಗರಿಷ್ಠ ಸಾಮರ್ಥ್ಯದ 60 ಶೇಕಡಾ ಚಿಲ್ಲರೆಯಲ್ಲಿ. ಐದು ಜನರಲ್ಲಿ ಒಬ್ಬೊಬ್ಬರ ಫಲಿತಾಂಶವೂ ಒಂದೊಂದು ಥರ. ಇಡೀ ದಿನ ನಿಧಾನವಾಗಿ ಹೋಗುವ ಅಲ್ಟ್ರಾ ಓಟದವರಿಗೆ ಈ ದಾರಿ ಹಿಡಿಸಬಹುದು, ನಾನು ಬೇಡ ಅನ್ನುವುದಿಲ್ಲ. ಮ್ಯಾರಥಾನ್‌ನಲ್ಲಿ ಸಮಯ ಕಡಿಮೆ ಮಾಡಿಕೊಳ್ಳಬೇಕು ಅನ್ನುವವರಿಗೆ ಇದನ್ನು ಮಾರಬಾರದು.

ಇದೆಲ್ಲ ಹೊಸ ವಿಷಯವೂ ಅಲ್ಲ. ಊಟ ಬದಲಾದರೆ ಉರಿಯುವ ಇಂಧನ ಬದಲಾಗುತ್ತದೆ ಅಂತ ಕ್ರಿಸ್ಟೆನ್ಸನ್, ಹ್ಯಾನ್ಸನ್ 1939ರಲ್ಲೇ ಉಸಿರು ಅಳೆದು ತೋರಿಸಿದ್ದರು. 1966ರಲ್ಲಿ ಸ್ವೀಡನ್‌ನ ಬರ್ಗ್‌ಸ್ಟ್ರಮ್, ಹುಲ್ಟ್‌ಮನ್ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಒಂದೇ ಸೈಕಲ್, ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಒಂದೊಂದೇ ಕಾಲಲ್ಲಿ ತುಳಿದು ಸುಸ್ತಾದರು. ಆಮೇಲೆ ಮೂರು ದಿನ ಕಾರ್ಬ್ ತಿಂದು, ತೊಡೆಗೆ ದಪ್ಪ ಸೂಜಿ ಚುಚ್ಚಿ ಸ್ನಾಯುವಿನ ಚೂರು ತೆಗೆದು ನೋಡಿದರು. ತುಳಿದ ಕಾಲಿನಲ್ಲಿ ತುಳಿಯದ ಕಾಲಿಗಿಂತ ಸುಮಾರು ಎರಡರಷ್ಟು ಗ್ಲೈಕೊಜನ್! ದೇಹ ಒಂದೇ, ಊಟ ಒಂದೇ, ಖಾಲಿಯಾದ ಕಾಲು ಮಾತ್ರ ಜಾಸ್ತಿ ತುಂಬಿಕೊಂಡಿತ್ತು. ನನಗೆ ಈ ಪ್ರಯೋಗ ಓದಿದಾಗಲೆಲ್ಲ ಖುಷಿ. ಮರುವರ್ಷ ಅದೇ ತಂಡ ಸೈಕಲ್ ಮೇಲೆ ಸುಸ್ತಾಗುವ ಸಮಯವನ್ನು ಊಟಕ್ಕೆ ತಕ್ಕಂತೆ ಅಳೆಯಿತು. ಕಾರ್ಬ್ ಇಲ್ಲದ ಊಟದ ನಂತರ ಸುಮಾರು 57 ನಿಮಿಷ. ಮಿಶ್ರ ಊಟದ ನಂತರ 114. ಕಾರ್ಬ್ ತುಂಬಿದ ಊಟದ ನಂತರ 167. ಐವತ್ತು ವರ್ಷದ ಮೇಲಾಯಿತು ಇದು ಗೊತ್ತಾಗಿ. ಇಷ್ಟಾದರೂ ಮೂರು ದಿನದ ಊಟ ಏನು ಅಂತ ಕೇಳದೆ 'ಮೂಲ ಪ್ರೊಫೈಲ್' ಅಂತ ಮುದ್ರೆ ಒತ್ತುವುದು ಯಾವ ಸೀಮೆ ವಿಜ್ಞಾನ?

ಈಗ ಡಯಟ್ ಚಾರ್ಟ್‌ಗೆ ಬರೋಣ. ಇಲ್ಲಿ ನನ್ನ ಕೆಂಪು ಪೆನ್ನು ಹೊರಗೆ ಬಂತು.

ದಿನಕ್ಕೆ 2200 ಕಿಲೋಕ್ಯಾಲರಿ ಅಂತ ಬರೆದಿದ್ದಾರೆ. ವಾರದ ಏಳೂ ದಿನ ಅದೇ 2200. ವಿಶ್ರಾಂತಿಯ ದಿನವೂ ಅಷ್ಟೇ, 25 ಕಿಲೋಮೀಟರ್ ಓಡುವ ದಿನವೂ ಅಷ್ಟೇ. ನನ್ನ ತೂಕ 64 ಕೆಜಿ. ಓಟದಲ್ಲಿ ಒಂದು ಕೆಜಿಗೆ, ಒಂದು ಕಿಲೋಮೀಟರ್‌ಗೆ ಸುಮಾರು ಒಂದು ಕಿಲೋಕ್ಯಾಲರಿ ಖರ್ಚು. 25 ಕಿಲೋಮೀಟರ್‌ಗೆ 1600. ದೇಹದ ಉಳಿದ ಕೆಲಸಕ್ಕೆಲ್ಲ ಉಳಿದದ್ದು 600. ಅವರೇ ಅಳೆದ ಪ್ರಕಾರ ನನ್ನ ಕೊಬ್ಬಿಲ್ಲದ ತೂಕ 54 ಕೆಜಿ. ಭಾಗಿಸಿ ನೋಡಿ, ಒಂದು ಕೆಜಿಗೆ 11 ಬರುತ್ತದೆ. ಕ್ರೀಡಾಪಟುಗಳಿಗೆ ಇದು 45ರ ಹತ್ತಿರ ಇರಲಿ ಅನ್ನುತ್ತಾರೆ. ದಿನಗಟ್ಟಲೆ 30ಕ್ಕಿಂತ ಕೆಳಗಿದ್ದರೆ ಹಾರ್ಮೋನು, ಮೂಳೆ, ರೋಗನಿರೋಧಕ ಶಕ್ತಿ ಎಲ್ಲಕ್ಕೂ ಕಷ್ಟ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ತೊಂದರೆಗೆ ಒಂದು ಹೆಸರನ್ನೇ ಕೊಟ್ಟು ಎಚ್ಚರಿಸಿತ್ತು. ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಇದರ ಒಂದು ಲಕ್ಷಣ. ಗಂಡಸರಿಗೆ ಅಂಥ ಕಣ್ಣಿಗೆ ಕಾಣುವ ಗುರುತು ಇಲ್ಲದ್ದರಿಂದ ಗೊತ್ತಾಗುವುದೇ ತಡ. ಉಸಿರನ್ನು ಲೀಟರಿನ ನೂರನೇ ಭಾಗದವರೆಗೆ ಅಳೆಯುವ ಜಾಗದಲ್ಲಿ ಇಷ್ಟು ಸಣ್ಣ ಕಳೆಯುವ ಲೆಕ್ಕ ಯಾರೂ ಮಾಡಿರಲಿಲ್ಲ.

'ಮೊದಲ ವಾರದಲ್ಲೇ ಎರಡು ಕೆಜಿ ಕೊಬ್ಬು ಕರಗುತ್ತದೆ' ಎಂಬ ಸಾಲೂ ಇದೆ. ಅದು ಕೊಬ್ಬಲ್ಲ, ಬಹುಪಾಲು ನೀರು. ಒಂದು ಗ್ರಾಂ ಗ್ಲೈಕೊಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಕೂತಿರುತ್ತದೆ. 400 ಗ್ರಾಂ ಗ್ಲೈಕೊಜನ್ ಖಾಲಿಯಾದರೆ ತಕ್ಕಡಿ ಮುಳ್ಳು 1.6 ಕೆಜಿ ಇಳಿಯುತ್ತದೆ. ಕಾರ್ಬ್ ತಿಂದರೆ ಅಷ್ಟೇ ಬೇಗ ವಾಪಸ್ ಏರುತ್ತದೆ.

ಪ್ರೋಟೀನ್ ಸರಿಯಾಗಿದೆ, ಕೆಜಿಗೆ 1.6 ಗ್ರಾಂ. ಕಬ್ಬಿಣ, ವಿಟಮಿನ್ ಡಿ ರಕ್ತ ಪರೀಕ್ಷೆ ಮಾಡಿಸಿ ಅಂದದ್ದೂ ಒಳ್ಳೆಯದೇ.

ಕಾರ್ಬ್ ಕಡಿಮೆ ಮಾಡಿ ತರಬೇತಿ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಗ್ಲೈಕೊಜನ್ ಕಡಿಮೆ ಇರುವಾಗ ನಿಧಾನ ಓಟ ಓಡಿದರೆ ಸ್ನಾಯುವಿನಲ್ಲಿ ಎಎಂಪಿಕೆ ಎಂಬ ಸಂಕೇತ ಜೋರಾಗುತ್ತದೆ, ಮೈಟೊಕಾಂಡ್ರಿಯಾ ಹೆಚ್ಚಿಸುವ ಕೆಲಸಕ್ಕೆ ಚಾಲನೆ ಸಿಗುತ್ತದೆ. ಅದಕ್ಕೇ ಕೆಲವು ಕೋಚ್‌ಗಳು ವಾರದಲ್ಲಿ ಆಯ್ದ ಕೆಲವು ಓಟಗಳನ್ನು ಮಾತ್ರ ಹಾಗೆ ಮಾಡಿಸುತ್ತಾರೆ. ಜೋರು ಓಟದ ದಿನ ಹೊಟ್ಟೆ ತುಂಬಾ ಕಾರ್ಬ್, ಮರುದಿನ ಬೆಳಗಿನ ಸುಲಭ ಓಟಕ್ಕೆ ಕಡಿಮೆ. ಊಟ ಓಟಕ್ಕೆ ತಕ್ಕಂತೆ ಏರಿಳಿಯಬೇಕು. ಬರ್ಕ್ ಅವರ ಪ್ರಯೋಗದಲ್ಲಿ ಹೀಗೆ ಏರಿಳಿಸಿ ತಿಂದ ಗುಂಪೂ ಸುಮಾರು 5.3 ಶೇಕಡಾ ಸುಧಾರಿಸಿತ್ತು. ನನಗೆ ಸಿಕ್ಕ ಚಾರ್ಟ್‌ನಲ್ಲಿ ಏರೂ ಇಲ್ಲ, ಇಳಿವೂ ಇಲ್ಲ. ಏಳು ದಿನವೂ ಒಂದೇ ರಾಗ.

ರೇಸ್ ದಿನ ಓಡುವಾಗ ಏನು ತಗೊಳ್ಳಬೇಕು? ಚಾರ್ಟ್‌ನಲ್ಲಿ ಒಂದೇ ಸಾಲು: 'ಬೇಕೆನಿಸಿದರೆ ಜೆಲ್.' ಅಂದರೆ ಓಡುತ್ತಲೇ ನುಂಗುವ ಸಕ್ಕರೆಯ ಅಂಟು. ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ನನ್ನ ಟೆಸ್ಟ್ ಸಂಖ್ಯೆಗಳಿಂದ ನೇರವಾಗಿ ಸಿಗಬೇಕಾಗಿದ್ದ ಉತ್ತರ ಇದು, ಅದನ್ನೇ ಬಿಟ್ಟಿದ್ದಾರೆ. ನಿಮಿಷಕ್ಕೆ 1.95 ಅಂದರೆ ಗಂಟೆಗೆ 117 ಗ್ರಾಂ ಕಾರ್ಬ್ ಉರಿಯುತ್ತಿದೆ. ಕರುಳಿನಲ್ಲಿ ಗ್ಲೂಕೋಸ್‌ಗೆ ಒಂದು ಬಾಗಿಲು ಇದೆ, ಅದರಿಂದ ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಬಳಕೆಗೆ ಬರುತ್ತದೆ. ಫ್ರಕ್ಟೋಸ್‌ಗೆ ಬೇರೆ ಬಾಗಿಲು. ಎರಡೂ ಸೇರಿದ ಜೆಲ್ ಅಥವಾ ಪಾನೀಯ ತಗೊಂಡರೆ 90 ಗ್ರಾಂವರೆಗೆ ಹೋಗಬಹುದು. ನಾಲ್ಕು ಗಂಟೆಯ ಓಟಗಾರನಿಗೆ ಗಂಟೆಗೆ 60ರಿಂದ ಶುರು ಮಾಡು, ಉದ್ದ ಓಟಗಳಲ್ಲಿ ಹೊಟ್ಟೆಯನ್ನು ಅಭ್ಯಾಸ ಮಾಡಿಸುತ್ತ ಏರಿಸು, ರೇಸ್ ಹಿಂದಿನ ಒಂದೂವರೆ ಎರಡು ದಿನ ಕೆಜಿಗೆ 10ರಿಂದ 12 ಗ್ರಾಂ ಕಾರ್ಬ್ ತಿನ್ನು ಅಂತ ಬರೆದಿದ್ದರೆ ಚಾರ್ಟ್ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು.

1924ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ವೈದ್ಯರು ಓಟ ಮುಗಿಸಿದವರ ರಕ್ತ ಪರೀಕ್ಷೆ ಮಾಡಿದರು. ತೀರಾ ಬಳಲಿದವರ ರಕ್ತದಲ್ಲಿ ಸಕ್ಕರೆ ಬಹಳ ಕಡಿಮೆ ಇತ್ತು. ಮರುವರ್ಷ ಓಡುವಾಗ ಮಿಠಾಯಿ ಕೊಟ್ಟು ನೋಡಿದರು, ಓಟಗಾರರು ಚೆನ್ನಾಗಿ ಮುಗಿಸಿದರು. ನೂರು ವರ್ಷದ ಹಿಂದಿನವರಿಗೆ ಇದ್ದ ಬುದ್ಧಿ ಇದು.

ಅಂಕ ಕೊಡುವುದಾದರೆ ಟೆಸ್ಟ್ ಮತ್ತು ಅದನ್ನು ಮಾಡಿದವರಿಗೆ 10ಕ್ಕೆ 9. ರಿಪೋರ್ಟಿನ ಒಳಪುಟಗಳಿಗೆ 7, ಮೊದಲ ಪುಟದ ಮೀಟರಿಗೆ ಸೊನ್ನೆ. ಫೋನ್ ಕರೆಗೆ 4, ಯಾಕೆಂದರೆ ಡಯಟಿಷಿಯನ್ ಕೊನೆಯಲ್ಲಿ ನನ್ನ ಲೆಕ್ಕ ಕೇಳಿ ಉದ್ದ ಓಟದ ದಿನಗಳಿಗೆ ಬೇರೆ ಚಾರ್ಟ್ ಕಳಿಸಲು ಒಪ್ಪಿಕೊಂಡರು. ಇನ್ನೂ ಬಂದಿಲ್ಲ. ಚಾರ್ಟ್‌ಗೆ 2, ಅದೂ ಪ್ರೋಟೀನ್ ಸಾಲಿಗಾಗಿ.

ನೀವು ಹೋಗುವುದಾದರೆ ಟೆಸ್ಟ್‌ಗೆ ಮುಂಚಿನ ಮೂರು ದಿನ ಮಾಮೂಲಿ ಊಟವನ್ನೇ ಮಾಡಿ, ತಿಂದದ್ದನ್ನು ಬರೆದಿಟ್ಟುಕೊಂಡು ಹೋಗಿ, ಹಿಂದಿನ ದಿನ ಜೋರು ಓಟ ಬೇಡ. ಎರಡನೇ ಸಲ ಮಾಡಿಸುವಾಗಲೂ ಅದೇ ಊಟ, ಅದೇ ಹೊತ್ತು. ಆಗ ಮಾತ್ರ ಸಂಖ್ಯೆ ಬದಲಾದರೆ ಅದು ತರಬೇತಿಯಿಂದ ಅಂತ ಹೇಳಬಹುದು. ನಿಮ್ಮ ರೇಸ್ ವೇಗವನ್ನು ಮೊದಲೇ ಹೇಳಿ, ಆ ವೇಗದಲ್ಲಿ ಮೂರು ನಿಮಿಷದ ಬದಲು ಐದಾರು ನಿಮಿಷ ಓಡಿಸಿ ಅಂತ ಕೇಳಿ. ಉಸಿರು ಒಂದು ಹದಕ್ಕೆ ಬಂದಮೇಲಿನ ಅಳತೆ ಹೆಚ್ಚು ನಂಬಿಕೆಗೆ ಅರ್ಹ. ಬಣ್ಣದ ಪುಟಗಳ ಜೊತೆ ಹಂತಹಂತದ ಮೂಲ ಅಂಕಿಗಳ ಪಟ್ಟಿಯನ್ನೂ ಕೇಳಿ ತಗೊಳ್ಳಿ. ನನಗೆ ಕೇಳಿದ ತಕ್ಷಣ ಕೊಟ್ಟರು, ಕೇಳದಿದ್ದರೆ ಕೊಡುತ್ತಿರಲಿಲ್ಲ.